ಗುಂಯ್‌ಗುಡುವ ಪೆಟ್ಟಿಗೆ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ದೂರು ಠಾಣೆಗೆ ಬಂತು. ಸರಿಯಾಗಿ ಅದೇ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಸೀನಿದ. ಇದೇನು ಸಣ್ಣ ಸಂಗತಿಯಲ್ಲ. ಆತ ಸೀನಿದರೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ, ಲಾಕಪ್ಪಿನಲ್ಲಿರುವವರು ಯಾರೂ ಕೇಳದೆಯೇ ತಪ್ಪೊಪ್ಪಿಕೊಳ್ಳುತ್ತಾರೆ. ಅದಕ್ಕೇ ಅವನಿಗೆ ಗುಡುಗು ಎಂದು ಹೆಸರು.

ದೂರು ತಂದ ಹೆಂಗಸು ಕುರ್ಚಿಯಲ್ಲಿ ಕೂರಲಿಲ್ಲ. ನೆಟ್ಟಗೆ ಹೋಗಿ ಠಾಣೆಯ ಕಿಟಕಿ ತೆರೆದಳು. ಠಾಣೆ ಕಟ್ಟಿದಂದಿನಿಂದ ಆ ಕಿಟಕಿ ತೆರೆದವರಿರಲಿಲ್ಲ.

"ಸೀನಿದ್ದು ಇಲ್ಲೇ ತೇಲ್ತಾ ಇರತ್ತೆ. ಹೊರಗೆ ಹೋಗ್ಲಿ," ಎಂದಳು. ಮುಚ್ಚಿದ ಕೋಣೆಗಳ ಗಾಳಿಯಲ್ಲಿ ವೈರಸ್ಸು ಹರಡುವುದನ್ನು ತಡೆಯುವುದು ಹೇಗೆಂದು ಸಂಶೋಧನೆ ಮಾಡುವ ವಿಜ್ಞಾನಿ ಆಕೆ.

ಇನ್‌ಸ್ಪೆಕ್ಟರ್ ಸಾಹೇಬರು ಪೆನ್ನು ತೆಗೆದರು. ಅವರ ಮೂಗು ಅವರಿಗಿಂತ ಒಂದು ನಿಮಿಷ ಮೊದಲೇ ಘಟನಾ ಸ್ಥಳ ಮುಟ್ಟುತ್ತದೆ ಎಂದು ಇಲಾಖೆಯಲ್ಲೆಲ್ಲ ಪ್ರತೀತಿ.

"ಏನು ಕಳುವಾಗಿದೆ?"

"ಗಾಳಿ ಶುದ್ಧ ಮಾಡೋ ಯಂತ್ರ. ಶಾಲೆಯ ಏಳನೇ ಕೊಠಡಿಯಿಂದ. ಶನಿವಾರ ಇತ್ತು, ಸೋಮವಾರ ಇಲ್ಲ. ರಿಪೇರಿಗೆ ಹೋಗಿದೆ ಅಂದ್ಕೊಂಡು ಎರಡು ದಿನ ಸುಮ್ಮನಿದ್ರು."

"ಗಾಳೀನೂ ಬಿಡಲ್ವಲ್ಲಪ್ಪ ಕಳ್ಳರು," ಎಂದ ಗುಡುಗು.

"ಸಿಗ್ತಾನೆ ಬಿಡಿ ಮೇಡಂ. ಯಂತ್ರಕ್ಕೇನೂ ಆಗಲ್ಲ," ಎಂದರು ಸಾಹೇಬರು.

"ಯಂತ್ರ ಹಾಳಾಗ್ಲಿ ಸಾರ್. ಅದು ಖಾಲಿ."

ಸಾಹೇಬರ ಪೆನ್ನು ನಿಂತಿತು.

"ಅರ್ಧ ಕೊಠಡಿಗಳಲ್ಲಿ ನಿಜವಾದ್ದು ಇಟ್ಟಿದೀವಿ, ಅರ್ಧದಲ್ಲಿ ಡಮ್ಮಿ. ಎರಡನ್ನೂ ಹೋಲಿಸಿ ನೋಡೋಕೆ. ಎಲ್ಲಿ ಯಾವುದು ಅಂತ ಶಾಲೇಲಿ ಯಾರಿಗೂ ಗೊತ್ತಿಲ್ಲ, ಹೇಳಿದ್ರೆ ಪರೀಕ್ಷೆ ಕೆಡತ್ತೆ. ಏಳನೇ ಕೊಠಡೀದು ಬರೀ ಗುಂಯ್ ಅನ್ನತ್ತೆ, ಒಳಗೆ ಫಿಲ್ಟರ್ ಇಲ್ಲ. ಅದನ್ನ ಮಾರೋಕೆ ಯಾರೂ ಒಯ್ದಿರಲ್ಲ ಸಾರ್. ಮನೇಲಿ ಯಾರನ್ನೋ ಉಳಿಸಿಕೊಳ್ಳೋಕೆ ಒಯ್ದಿದಾರೆ. ಅದರ ಬೆನ್ನಿಗೆ ಕಂಪನಿ ಚೀಟಿ ಇದೆ, ಕಿಟಕಿ ಬಾಗಿಲು ಮುಚ್ಚಿ ಬಳಸಿ ಅಂತ. ಶಾಲೇಲಿ ಕಿಟಕಿ ತೆರೆದೇ ಇಡಿಸಿದ್ವಿ, ಚೀಟಿ ಕೀಳೋದು ಮರೆತ್ವಿ. ಈಗ ಎಲ್ಲೋ ಒಂದು ಮನೇಲಿ ಎಲ್ಲಾ ಮುಚ್ಚಿ, ಖಾಲಿ ಪೆಟ್ಟಿಗೆ ನಂಬಿಕೊಂಡು ಕೂತಿದಾರೆ."

ಬರುತ್ತಿದ್ದ ಇನ್ನೊಂದು ಸೀನನ್ನು ಗುಡುಗು ಎರಡೂ ಕೈಯಿಂದ ಅದುಮಿ ಹಿಡಿದ. ಅವನ ಸೇವಾವಧಿಯಲ್ಲೇ ಅದು ಮೊದಲ ಸಲ.

ಎಫ್‌ಐಆರ್ ದಾಖಲಾಯಿತು. ಶಾಲೆಯಲ್ಲಿ ಸ್ಥಳ ಪಂಚನಾಮೆ ಮುಗಿಯುವಾಗ ಹನ್ನೆರಡಾಗಿತ್ತು. ಬೀಗ ಒಡೆದಿರಲಿಲ್ಲ. ಏಳನೇ ಕೊಠಡಿಗೆ ಮೂರು ಕಿಟಕಿ, ಒಂದೊಂದರಲ್ಲೂ ಆನೆ ನುಗ್ಗಬಹುದು.

"ಕೀಲಿ ಯಾರ ಹತ್ರ ಇರತ್ತೆ?" ಸಾಹೇಬರು ಹೆಡ್‌ಮಿಸ್ಸನ್ನು ಕೇಳಿದರು.

"ಎಲ್ಲಾ ಟೀಚರ್‌ಗಳ ಹತ್ರಾನೂ."

"ರಜೆ ಮೇಲೆ ಯಾರಿದಾರೆ?"

"ಮೂರು ಜನ. ಮೂವರಿಗೂ ನೆಗಡಿ."

"ವಿಳಾಸ ಕೊಡಿ." ಸಾಹೇಬರು ಜೀಪಿನ ಕಡೆ ತಿರುಗಿದರು. "ಗುಡುಗು, ಯಂತ್ರ ಹುಡುಕಬೇಡ. ಈ ಬಿಸಿಲಲ್ಲಿ ಕಿಟಕಿ ಮುಚ್ಚಿರೋ ಮನೆ ಹುಡುಕು."

ಅಂದಿನ ಬಿಸಿಲು ಎಂಥದೆಂದರೆ ಕಾಗೆಗಳು ಒಂದರ ನೆರಳಿನಲ್ಲಿ ಇನ್ನೊಂದು ಹಾರುತ್ತಿದ್ದವು. ಬೀದಿಯ ಮನೆಗಳೆಲ್ಲ ಕಿಟಕಿ ತೆರೆದು ಏದುಸಿರು ಬಿಡುತ್ತಿದ್ದವು. ಮೊದಲ ಟೀಚರು ಕಿಟಕಿಯಲ್ಲೇ ಮೂಗೊರೆಸುತ್ತ ಕೂತಿದ್ದಳು, ಎರಡನೆಯವನು ಮಹಡಿಯ ಮೇಲೆ ಮಲಗಿದ್ದ. ಮೂರನೆಯದು ಒಂದೇ ಕೋಣೆಯ ಮನೆ. ಕಿಟಕಿಯ ಸಂದುಗೊಂದಿಗೆಲ್ಲ ಒಳಗಿನಿಂದ ಕಂದು ಟೇಪು. ಕೀಲಿಯ ತೂತಿಗೂ ಹತ್ತಿ ತುರುಕಿತ್ತು. ಗುಡುಗು ಬಾಗಿಲಿಗೆ ಕಿವಿಯಿಟ್ಟ.

"ಗುಂಯ್ ಅಂತಿದೆ ಸಾರ್."

ಬಾಗಿಲು ತೆರೆದವರು ಗಣಿತದ ಮೇಷ್ಟ್ರು. ಮುಖಕ್ಕೆ ಮಾಸ್ಕು, ಅಂಗಿ ಬೆವರಿನಲ್ಲಿ ಅದ್ದಿ ತೆಗೆದಂತಿತ್ತು. ಪೊಲೀಸರನ್ನು ಕಂಡು ಬೆಚ್ಚಲಿಲ್ಲ.

"ಬರೋದಾದ್ರೆ ಬೇಗ ಬನ್ನಿ ಸಾರ್. ಬಾಗಿಲು ತೆರೆದಿಡಬೇಡಿ, ಅಕ್ಕಂಗೆ ಆಗಲ್ಲ."

ಮಂಚದ ಮೇಲೆ ಅಕ್ಕ ಕೂತಿದ್ದರು. ಬೇರೆ ಮೂತ್ರಪಿಂಡ ಹಾಕಿಸಿಕೊಂಡು ವರ್ಷವಾಗಿರಲಿಲ್ಲ. ಅದು ಮೈಗೆ ಒಗ್ಗಲೆಂದು ಕೊಡುವ ಮಾತ್ರೆ, ರೋಗ ತಡೆಯುವ ಶಕ್ತಿಯನ್ನೂ ಕಸಿದುಕೊಂಡಿತ್ತು.

"ಪೊಲೀಸರಾ? ಯಾರಿಗೆ ಲೆಕ್ಕ ತಪ್ಪು ಹೇಳಿಕೊಟ್ಟೆಯೋ ತಮ್ಮಾ?" ಎಂದರು ಅಕ್ಕ.

ಸಾಹೇಬರು ನಿಂತೇ ಕೇಳಿದರು.

"ನೀವೇ ತಂದ್ರಾ?"

"ಹೌದು ಸಾರ್. ಶನಿವಾರ ಸಂಜೆ."

"ಯಾಕೆ?"

"ಈ ಸಲದ ಜ್ವರಕ್ಕೆ ಪಕ್ಕದ ಕ್ಲಾಸು ಅರ್ಧ ಖಾಲಿ. ನನ್ನ ಏಳನೇ ಕೊಠಡೀಲಿ ಒಂದು ಮಗೂನೂ ಮಲಗಲಿಲ್ಲ. ಇದು ನಿಜವಾದ್ದಾ ಅಂತ ಮೇಡಂನ ಕೇಳ್ದೆ. ಹೇಳೋ ಹಾಗಿಲ್ಲ ಅಂದ್ರು. ಆದ್ರೆ ನಕ್ಕರು."

ಜೀಪಿನಲ್ಲಿ ಜೊತೆಗೇ ಬಂದು ಬಾಗಿಲ ಬಳಿ ನಿಂತಿದ್ದ ವಿಜ್ಞಾನಿ ತಲೆ ತಗ್ಗಿಸಿದಳು. "ಎಲ್ಲರಿಗೂ ಹಾಗೇ ನಗ್ತೀನಿ ಮೇಷ್ಟ್ರೇ. ಮಕ್ಕಳನ್ನ ಕಾಪಾಡಿದ್ದು ಆ ಮೂರು ಕಿಟಕಿ ಇರಬೇಕು."

ಮೇಷ್ಟ್ರಿಗೆ ಅದು ಕೇಳಿಸಿದಂತಿರಲಿಲ್ಲ.

"ನೆಗಡಿ ಯಾವಾಗಿಂದ?" ಎಂದರು ಸಾಹೇಬರು.

"ಶನಿವಾರದಿಂದಾನೇ. ಇರೋದು ಒಂದು ಕೋಣೆ ಸಾರ್. ನಾನು ಇಲ್ಲೇ ಕೆಮ್ಮಬೇಕು, ಅಕ್ಕ ಇಲ್ಲೇ ಉಸಿರಾಡಬೇಕು. ಹೋದ ಸಲ ಶಾಲೆಯಿಂದ ಜ್ವರ ತಂದವನು ನಾನೇ. ನಾನು ಎದ್ದೆ, ಭಾವ ಏಳಲಿಲ್ಲ." ಮೇಷ್ಟ್ರು ಯಂತ್ರದ ಮುಂದೆ ಅಡ್ಡ ನಿಂತರು. "ನನ್ನ ಕರ್ಕೊಂಡು ಹೋಗಿ. ಇದು ಮಾತ್ರ ಇಲ್ಲೇ ಓಡ್ತಾ ಇರ್ಲಿ."

ಗುಡುಗು ಟೇಪು ಕೀಳಲು ಹೋದ. ಮೇಷ್ಟ್ರು ಅವನ ಮಣಿಕಟ್ಟು ಹಿಡಿದರು. ಮೂವರು ಪೈಲ್ವಾನರನ್ನು ಒಟ್ಟಿಗೆ ಹೊತ್ತು ತಿರುಗಿದ ಆ ಕೈಯನ್ನು ಕಡ್ಡಿಯಂಥ ಮೇಷ್ಟ್ರು ಅಲ್ಲಾಡಗೊಡಲಿಲ್ಲ.

"ಜಪ್ತಿ ಪಂಚನಾಮೆ ಬರೀಬೇಕು. ಮುಚ್ಚಳ ಬಿಚ್ಚು," ಎಂದರು ಸಾಹೇಬರು. ಅವರ ಮೂಗು ಕೂಡ ಬೇರೆ ಕಡೆ ತಿರುಗಿತ್ತು.

ಪಕ್ಕದ ಮನೆಯ ಇಬ್ಬರು ಪಂಚರಾಗಿ ನಿಂತರು. ಗುಡುಗು ಸ್ಕ್ರೂ ಬಿಚ್ಚಿ, ಪದ್ಧತಿಯಂತೆ ಗಟ್ಟಿಯಾಗಿ ಹೇಳುತ್ತ ಬರೆದ. "ಬಿಳಿ ಪೆಟ್ಟಿಗೆ ಒಂದು. ಒಳಗೆ ಫ್ಯಾನು ಒಂದು. ಫಿಲ್ಟರ್ ಇರಬೇಕಾದ ಜಾಗ..." ಅವನ ದನಿ ಇಳಿಯಿತು. "ಖಾಲಿ."

ಮೇಷ್ಟ್ರು ಬಗ್ಗಿ ನೋಡಿದರು. ಆ ಖಾಲಿ ಜಾಗದೊಳಗೆ ಕೈಯಿಟ್ಟರು. ಬೆರಳ ಸಂದಿಯಿಂದ ಅದೇ ಗಾಳಿ ಒಳಗೆ ಹೋಗಿ ಅದೇ ಗಾಳಿ ಹೊರಗೆ ಬರುತ್ತಿತ್ತು. ನಾಲ್ಕು ದಿನದಿಂದ ತಾವು ಬಿಟ್ಟ ಉಸಿರು.

ಯಾರೂ ಹೇಳಬೇಕಾಗಲಿಲ್ಲ. ಎದ್ದು ಹೋಗಿ ತಾವೇ ಟೇಪು ಕಿತ್ತರು. ಸುಲಭಕ್ಕೆ ಬರಲಿಲ್ಲ, ಅಷ್ಟು ಚೆನ್ನಾಗಿ ಅಂಟಿಸಿದ್ದರು. ಉಗುರು ಮುರಿದು ರಕ್ತ ಬಂತು. ಕಿಟಕಿ ತೆರೆದಾಗ ಬಿಸಿಗಾಳಿ ಒಳನುಗ್ಗಿತು.

ಅಕ್ಕ ದೀರ್ಘವಾಗಿ ಉಸಿರೆಳೆದುಕೊಂಡರು. ಆಮೇಲೆ ಕೆಮ್ಮಿದರು. ಒಣ ಕೆಮ್ಮು.

"ಧೂಳು ಕಣೋ. ಹೋಗಿ ಬಾ," ಎಂದರು.

ಮಧ್ಯಾಹ್ನ ಎರಡೂವರೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ವಿಜ್ಞಾನಿ ಮನೆಯಲ್ಲೇ ಉಳಿದಳು. ಟೇಬಲ್ ಫ್ಯಾನಿಗೆ ನಾಲ್ಕು ಫಿಲ್ಟರ್ ಕಟ್ಟಿದರೆ ಸಾಕು, ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕೇಳಿದ್ದರೆ ನಾನೇ ಕಟ್ಟಿಕೊಡುತ್ತಿದ್ದೆ ಎಂದು ಅಳುತ್ತ ಹೇಳಿದಳು. ಮೇಷ್ಟ್ರು ಕೇಳಿದ್ದರು. ಕೇಳಿದ ಪ್ರಶ್ನೆ ಬೇರೆಯಾಗಿತ್ತು, ಅಷ್ಟೆ.

ಜೀಪಿನಲ್ಲಿ ಮೇಷ್ಟ್ರು ಅಂಚಿಗೆ ಸರಿದು, ತಮ್ಮ ಉಸಿರು ಯಾರಿಗೂ ತಾಗದಂತೆ ಮುಖ ಹೊರಗೆ ಹಾಕಿ ಕೂತರು. ಸರ್ಕಲ್ಲು ದಾಟುವಾಗ ಸಾಹೇಬರ ಫೋನು ಬಡಿದುಕೊಂಡಿತು. ಆ ಕಡೆ ವಿಜ್ಞಾನಿ.

"ಸಾರ್, ಮೇಷ್ಟ್ರ ಅಕ್ಕಂಗೆ ಜ್ವರ ಇದೆ. ನೂರಾ ಎರಡು. ಆಂಬುಲೆನ್ಸಿಗೆ ಹೇಳಿದೀನಿ."

ಸಾಹೇಬರು ಹೂಂ ಎಂದು ಫೋನು ಜೇಬಿಗಿಟ್ಟರು.

"ಏನಂತೆ ಸಾರ್?" ಮೇಷ್ಟ್ರು ತಿರುಗದೆಯೇ ಕೇಳಿದರು.

ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು.

"ಕಿಟಕಿ ತೆರೆದಿದೆಯಂತೆ."