ಎಂಟನೇ ಡಿಸ್ಕ್

ಎಂಟನೇ ಡಿಸ್ಕ್ ಹಾಕಿದರೆ ಏಳನೆಯದೇ ಶುರುವಾಯಿತು.

"ಇದನ್ನ ನಿನ್ನೆ ನೋಡಿದ್ವಲ್ಲೇ," ಅಂದರು ಅತ್ತೆ.

ಸೊಸೆ ಡಿಸ್ಕ್ ಹೊರಗೆ ತೆಗೆದು ನೋಡಿದಳು. ಮೇಲೆ ಎಂಟು ಅಂತಲೇ ಅಚ್ಚಾಗಿತ್ತು. ಮತ್ತೆ ಹಾಕಿದಳು. ಅದೇ ಮಂಜು, ಅದೇ ನದಿ, ಅದೇ ಕೆಮ್ಮುವ ಅಂಚೆಯವನು.

ದೋಣಿ ನಡೆಸುವ ಹೆಂಗಸೊಬ್ಬಳ ಧಾರಾವಾಹಿ ಅದು. ಸತ್ತ ಗಂಡನ ದೋಣಿಯಲ್ಲಿ ಅವಳು ಜನರನ್ನು ಆ ದಡ ಈ ದಡ ದಾಟಿಸುತ್ತಿರುತ್ತಾಳೆ. ಅದೇ ನದಿಗೆ ಸೇತುವೆ ಕಟ್ಟಲು ಒಬ್ಬ ಎಂಜಿನಿಯರ್ ಬರುತ್ತಾನೆ. ಸೇತುವೆ ಮುಗಿದರೆ ಅವಳ ದೋಣಿಗೂ ಕೆಲಸವಿಲ್ಲ, ಅವನಿಗೂ ಆ ಊರಲ್ಲಿ ಕೆಲಸವಿಲ್ಲ. ಏಳು ಡಿಸ್ಕ್, ಇಪ್ಪತ್ತೊಂದು ಕಂತು, ಅತ್ತೆ ಸೊಸೆ ಇಬ್ಬರೂ ಒಲೆಯ ಮೇಲಿನ ಹಾಲು ಮರೆತು ನೋಡಿದ್ದರು. ಉಳಿದದ್ದು ಮೂರೇ ಕಂತು.

ಆ ಡಿಸ್ಕ್‌ಗಳ ಡಬ್ಬಿ ತಂದವನು ಅತ್ತೆಯ ಮಗ, ಸೊಸೆಯ ಗಂಡ. ಮೂವರೂ ಕೂತು ನೋಡೋಣ ಅಂದಿದ್ದ. ಅದೇ ವಾರ ತೀರಿಹೋದ. ಸೀಲ್ ಒಡೆಯದ ಡಬ್ಬಿ ಮೂರು ವರ್ಷ ಕಪಾಟಿನ ಮೇಲಿತ್ತು. ಕೊನೆಗೊಂದು ದಿನ ಅತ್ತೆಯೇ ಸ್ಟೂಲ್ ಹತ್ತಿ ಇಳಿಸಿ, "ಇದರ ಧೂಳು ಒರೆಸಿ ಒರೆಸಿ ಸಾಕಾಯ್ತು, ಹಾಕು," ಅಂದಿದ್ದರು.

ಸೊಸೆ ಡಿಸ್ಕ್ ಕಂಪನಿಗೆ ಪತ್ರ ಬರೆದಳು. ನಾಲ್ಕನೇ ದಿನ ಉತ್ತರ ಬಂತು. ಕ್ಷಮಿಸಿ, ಡಿಸ್ಕ್ ಮೇಲೆ ಗೀರು ಬಿದ್ದಿರಬಹುದು, ಮೆತ್ತನೆ ಬಟ್ಟೆಯಿಂದ ಒರೆಸಿ ನೋಡಿ.

ಅವಳಿಗೆ ಮೈ ಉರಿದುಹೋಯಿತು. ಮೂರು ವರ್ಷದಲ್ಲಿ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು. ಮನೆಯ ಕೆಳಗೇ ಅವಳ ಕನ್ನಡಕದ ಅಂಗಡಿ. ಅಲ್ಲಿಂದ ಭೂತಗನ್ನಡಿ ತಂದು ಡಿಸ್ಕಿನ ಇಂಚಿಂಚೂ ನೋಡಿ, ಒಂದೇ ಉಸಿರಿಗೆ ಬರೆದು ಹಾಕಿದಳು: "ನಾನು ಎಂಟು ವರ್ಷದಿಂದ ಕನ್ನಡಕದ ಗಾಜು ಉಜ್ಜುತ್ತಿದ್ದೇನೆ. ಗೀರು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಡಿಸ್ಕ್ ಹೊರಗೆ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಒಳಗೆ."

ಬದಲಿ ಡಿಸ್ಕ್ ಬಂತು. ಹಾಕಿದರೆ ಮತ್ತೆ ಮಂಜು, ನದಿ, ಕೆಮ್ಮು.

"ಏಳೇಳು ಜನ್ಮಕ್ಕೂ ನಮಗೆ ಏಳನೆಯದೇ ಗತಿ ಅಂತ ಬರೆದಿದೆ ಬಿಡು," ಅಂದರು ಅತ್ತೆ.

ಈ ಸಲ ಅವಳು ಪತ್ರದಲ್ಲಿ ಬರೀ ಎರಡು ಸಾಲು ಬರೆದು, ಕೆಳಗೆ ಫೋನ್ ನಂಬರ್ ಹಾಕಿದಳು. ಮೂರನೇ ದಿನ ಮಧ್ಯಾಹ್ನ ಒಂದು ಗಂಟೆಗೆ, ಅವಳು ಊಟಕ್ಕೆ ಮೇಲೆ ಬಂದಿದ್ದಾಗ, ಫೋನ್ ಹೊಡೆದುಕೊಂಡಿತು.

"ಕ್ಷಮಿಸಿ," ಅಂತಲೇ ಶುರುಮಾಡಿತು ಒಂದು ಗಂಡು ದನಿ. ಕಂಪನಿಯ ಡಿಸ್ಕ್ ಬದಲಿ ವಿಭಾಗದವನಂತೆ. ಒರೆಸಿ ನೋಡಿ ಅಂತ ಬರೆದವನೂ ತಾನೇ ಅಂತೆ. ಸ್ಟಾಕ್‌ನಲ್ಲಿದ್ದ ಎಲ್ಲ ಡಬ್ಬಿಯನ್ನೂ ಬಿಚ್ಚಿ ನೋಡಿದ್ದಾನೆ, ಎಲ್ಲದರಲ್ಲೂ ಎಂಟರ ಜಾಗದಲ್ಲಿ ಏಳೇ ಇದೆ. ಹೊಸದು ಅಚ್ಚಾಗಿ ಬರಲು ಆರು ವಾರ ಬೇಕು. ಬಿಲ್ ಯಾವ ತಾರೀಕಿನದು ಅಂತ ಕೇಳಿದ. ಹೇಳಿದಳು. ಮೂರು ವರ್ಷ ಯಾಕೆ ತೆರೆಯಲಿಲ್ಲ ಅಂತ ಕೇಳಿದ.

"ತಂದವರು ಇರಲಿಲ್ಲ," ಅಂದಳು.

ಆ ಕಡೆ ಕಾಗದ ಪಕ್ಕಕ್ಕೆ ಸರಿಸಿದ ಸದ್ದು. ಆಮೇಲೆ, "ಬಿಲ್ ಬೇಡ ಬಿಡಿ ಮೇಡಂ," ಅಂದ.

ಅಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡಾಗಿತ್ತು. "ಅಲ್ಲಪ್ಪಾ, ಆರು ವಾರ ಯಾರು ಕಂಡಿದ್ದಾರೆ? ಕೊನೆಗೆ ಏನಾಗುತ್ತೆ ಅಷ್ಟು ಹೇಳಿಬಿಡು."

ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ನೋಡಿದ್ದೇನೆ ಅಮ್ಮ, ಆದರೆ ಹಾಗೆ ಒಂದೇ ಮಾತಲ್ಲಿ ಹೇಳಿದರೆ ಕಥೆಗೆ ಅವಮಾನ, ಅಂದ ಅವನು. ದಿನಾ ತನ್ನ ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಹೇಳುತ್ತೇನೆ, ಆಗಬಹುದಾ?

ಆಗಬಹುದು ಅಂದರು ಅತ್ತೆ. ಸೊಸೆಯನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಫೋನಿನ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟು, ಅದರ ಸುತ್ತ ಊಟ. ಅತ್ತೆ ಅವನಿಗೆ "ಕ್ಷಮಿಸಿ" ಅಂತಲೇ ಹೆಸರಿಟ್ಟರು. ಅವನು ಅಂಚೆಯವನ ಕೆಮ್ಮನ್ನೂ ಕೆಮ್ಮುತ್ತಿದ್ದ, ಹುಟ್ಟು ನೀರಿಗೆ ಬೀಳುವ ಸದ್ದನ್ನೂ ಬಾಯಲ್ಲೇ ಮಾಡುತ್ತಿದ್ದ. ಅತ್ತೆ ಬಿಡುತ್ತಿರಲಿಲ್ಲ. ದೋಣಿಯವಳ ಕೋಟು ಯಾವ ಬಣ್ಣದ್ದು, ಸೇತುವೆಗೆ ಕಂಬ ಎಷ್ಟು, ಆ ಎಂಜಿನಿಯರ್‌ಗೆ ಅಪ್ಪ ಅಮ್ಮ ಇಲ್ಲವಾ, ಎಲ್ಲ ಬೇಕು.

"ಮೇಡಂ ಕೇಳ್ತಿದ್ದಾರಾ?" ಅಂತ ಅವನೊಂದು ದಿನ ನಡುವೆ ನಿಲ್ಲಿಸಿದ.

"ಅತ್ತೆ ಕೇಳ್ತಿದ್ದಾರೆ," ಅಂದಳು.

"ನೀವು?"

"ನಾನು ಪಾತ್ರೆ ತೊಳೀತಿದ್ದೀನಿ."

"ನೀರಿನ ಸದ್ದೇ ಬರ್ತಿಲ್ಲ."

ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಫೋನಿನೊಳಗೆ ಅವನು ನಕ್ಕ. ಅತ್ತೆ ತಟ್ಟೆ ನೋಡುತ್ತಾ ನಕ್ಕರು. ಅವಳ ಕಿವಿ ಬಿಸಿಯಾಯಿತು. ತನ್ನ ಕಿವಿ ಬಿಸಿಯಾಗಬಲ್ಲದು ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಆಮೇಲೆ ಹನ್ನೆರಡು ಗಂಟೆಯಾದರೆ ಸಾಕು, ಅಂಗಡಿಯಲ್ಲಿ ಅವಳ ಕೈ ಕಾಲು ನಿಲ್ಲುತ್ತಿರಲಿಲ್ಲ. ಓದುವ ಕನ್ನಡಕ ಕೇಳಿದವರಿಗೆ ಬಿಸಿಲಿನ ಕನ್ನಡಕ ಕೊಟ್ಟಳು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಒಂದು ದಿನ ಜಡೆಗೆ ಹೊಸ ಕ್ಲಿಪ್ ಹಾಕಿಕೊಂಡಿದ್ದು ನೋಡಿ ಅತ್ತೆ, "ಫೋನಲ್ಲಿ ಕ್ಲಿಪ್ ಕಾಣಲ್ಲ ಕಣೇ," ಅಂದರು.

ಎರಡು ಕಂತು ಎರಡು ವಾರದಲ್ಲಿ ಮುಗಿದವು. ಮೂರನೆಯದು ಯಾಕೋ ಮುಗಿಯಲೊಲ್ಲದು. ದೋಣಿಯವಳು ದೀಪ ಹಚ್ಚುವುದಕ್ಕೇ ಒಂದು ದಿನ ಹಿಡಿಯಿತು. ಅತ್ತೆ ಕುರ್ಚಿಯಲ್ಲೇ ತೂಕಡಿಸತೊಡಗಿದರು. ಅವರು ಮಲಗಿದ್ದಾರೆ ಅಂತ ಸೊಸೆ ಅವನಿಗೆ ಹೇಳಲಿಲ್ಲ. ಸ್ಪೀಕರ್ ಆರಿಸಿ ರಿಸೀವರ್ ಕಿವಿಗಿಟ್ಟುಕೊಂಡಳು. ದನಿ ಒಮ್ಮೆಲೇ ಹತ್ತಿರ ಬಂತು.

ಡಿಸ್ಕ್ ಬಂದರೆ ಫೋನ್ ನಿಲ್ಲುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಆರನೇ ವಾರದ ಕೊನೆಗೆ ಅವನು ಕಥೆ ಮುಗಿಸಿದ. ಸೇತುವೆ ತೆರೆಯುವ ದಿನ ಊರಿಗೆ ಊರೇ ಅದರ ಮೇಲೆ ನಡೆದು ಹೋಗುತ್ತದೆ. ದಡದಲ್ಲಿ ಒಬ್ಬನೇ ಉಳಿದಿದ್ದಾನೆ, ಸೇತುವೆ ಕಟ್ಟಿದ ಎಂಜಿನಿಯರ್. ದೋಣಿಯವಳು ಕೇಳುತ್ತಾಳೆ, ನೀವು ಕಟ್ಟಿದ್ದರ ಮೇಲೆ ನೀವೇ ಹೋಗಲ್ವಾ? ಅವನು ಹೇಳುತ್ತಾನೆ, ಇಲ್ಲ, ನಾನು ನಿಮ್ಮ ದೋಣಿಗೆ ಕಾಯ್ತಿದ್ದೀನಿ.

"ಅವಳು ಹತ್ತಿಸಿಕೊಂಡ್ಲಾ?" ಅಂತ ಕೇಳಿದಳು ಸೊಸೆ. ಕೇಳಿದ್ದು ಪಿಸುಮಾತಿನಲ್ಲಿ.

"ಅದು ಡಿಸ್ಕ್ ಬಂದಾಗ ನೋಡಿ," ಅಂದ. "ನಾಳೆ ನಿಮ್ಮ ಕೈ ಸೇರುತ್ತೆ."

ಸೇರಿತು. ಒಂದು ಗಂಟೆಗೆ ಫೋನ್ ಬರಲಿಲ್ಲ. ಅವಳು ರಿಸೀವರ್ ಎತ್ತಿ ಲೈನ್ ಇದೆಯೋ ಇಲ್ಲವೋ ನೋಡಿ ಇಟ್ಟಳು. ಸಂಜೆ ಅಂಗಡಿ ಮುಚ್ಚಿ ಬಂದು ಇಬ್ಬರೂ ಡಿಸ್ಕ್ ಹಾಕಿ ಕೂತರು. ಈ ಸಲ ಎಂಟನೆಯದೇ. ಎರಡು ಕಂತು ಅವನು ಹೇಳಿದ ಹಾಗೇ ಇದ್ದವು, ಕೆಮ್ಮು ಸಮೇತ. ಮೂರನೆಯದರಲ್ಲಿ ದೋಣಿಯವಳು ಹಗ್ಗ ಬಿಚ್ಚಿ ದೋಣಿಯನ್ನು ಹೊಳೆಗೆ ಬಿಟ್ಟು, ಸೇತುವೆ ಮೇಲೆ ಒಬ್ಬಳೇ ನಡೆದು ಊರು ಬಿಟ್ಟು ಹೋದಳು. ಎಂಜಿನಿಯರ್ ತಡವಾಗಿ ಬಂದು ಖಾಲಿ ದಡ ನೋಡಿದ. ಹೆಸರುಗಳು ಬಂದು ಮುಗಿದವು.

ಕೋಣೆಯಲ್ಲಿ ಪ್ಲೇಯರ್ ಗುಂಯ್ ಅನ್ನುತ್ತಿತ್ತು.

"ಆ ಕ್ಷಮಿಸಿ ಹೇಳಿದ್ದು ಅಂತ ನಿನ್ನೆ ನೀನು ಹೇಳಿದ್ದು ಇದಲ್ವಲ್ಲ," ಅಂದರು ಅತ್ತೆ.

ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೂಲೆಯನ್ನು ಬೆರಳಲ್ಲಿ ಸವರಿದರು. "ನನ್ನ ಮಗ ತಂದ ಸಾಮಾನು. ಅದು ಸುಮ್ನೆ ಕೆಡಲ್ಲ," ಅಂದರು. "ನಾಳೆ ನೀನೇ ಫೋನ್ ಮಾಡು."

ಮಾರನೆಯ ದಿನ ಒಂದು ಗಂಟೆಗೆ ಮಾಡಿದಳು.

"ಕ್ಷಮಿಸಿ, ಬದಲಿ ವಿಭಾಗ."

"ಡಿಸ್ಕ್‌ನಲ್ಲಿ ದೋಷ ಇದೆ," ಅಂದಳು.

ಅವನ ಕುರ್ಚಿ ಕಿರ್ರೆಂದಿತು. "ಮತ್ತೆ ಏಳನೆಯದಾ?"

"ಎಂಟನೆಯದೇ. ಆದರೆ ನೀವು ಹೇಳಿದ ಕೊನೆ ಇದರಲ್ಲಿಲ್ಲ. ಎಂಜಿನಿಯರ್ ಕಾಯೋದೇ ಇಲ್ಲ."

ಅವನು ಒಪ್ಪಿಕೊಂಡ. ಚಿಕ್ಕವನಿದ್ದಾಗ ಕೊನೆಯ ಕಂತಿನ ದಿನ ಮನೆಯ ಟಿ.ವಿ. ಕೆಟ್ಟಿತ್ತು, ಅದನ್ನು ಅವನು ನೋಡಿಯೇ ಇಲ್ಲ. ನಿಜವಾದದ್ದನ್ನು ಈಗಲೂ ನೋಡಲು ಮನಸ್ಸಾಗಲಿಲ್ಲ. ಎಂಟನೆಯದರ ಮೊದಲ ದೃಶ್ಯ ಬಂತು ಅಂತ ಮಾತ್ರ ಖಾತ್ರಿ ಮಾಡಿಕೊಂಡು ಡಿಸ್ಕ್ ಕಳಿಸಿದ್ದ.

"ಕಥೆ ಶುರುಮಾಡಿದ್ದು ನಿಮ್ಮ ಅತ್ತೆಗೋಸ್ಕರ," ಅಂದ. "ಆಮೇಲೆ ನನಗೋಸ್ಕರ. ದಡದಲ್ಲಿ ನಿಂತಿದ್ದು ಎಂಜಿನಿಯರ್ ಅಲ್ಲ."

ಅವಳು ಫೋನಿನ ವಯರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೆಟ್ಟ ಡಿಸ್ಕ್ ವಾಪಸ್ ತಗೋಳೋಕೆ ನಿಮ್ಮಲ್ಲಿ ಏನು ಪದ್ಧತಿ?"

"ಅಂಚೆಯಲ್ಲಿ ಕಳಿಸಬೇಕು."

"ಅಂಚೆಯವನಿಗೆ ಕೆಮ್ಮು."

ಅವನು ನಗುವುದಕ್ಕೆ ಒಂದು ಕ್ಷಣ ಹಿಡಿಯಿತು. "ಹಾಗಾದ್ರೆ ನಾನೇ ಬಂದು ತಗೋಬೇಕಾಗುತ್ತೆ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದ. ಎಂಟೂವರೆಯಿಂದ ಕಿಟಕಿಯ ಹತ್ತಿರ ಮೂರು ಸಲ ಹೋಗಿ ಬಂದಿದ್ದ ಅವಳು, ಬಾಗಿಲು ತೆಗೆಯುವುದಕ್ಕೆ ಮಾತ್ರ ನಿಧಾನ ಮಾಡಿದಳು. ಉದ್ದನೆಯ ಆಳು, ದನಿಗಿಂತ ಸಂಕೋಚದವನು, ಕೈಯಲ್ಲಿ ಖಾಲಿ ಡಿಸ್ಕ್ ಕವರ್. ಬಾಯಿ ತೆರೆದ.

"ಕ್ಷಮಿಸಿ ಅನ್ನಬೇಡಪ್ಪಾ, ಒಳಗೆ ಬಾ," ಅಂದರು ಅತ್ತೆ ಒಳಗಿನಿಂದ.

ಅವನು ಕನ್ನಡಕ ಹಾಕಿದ್ದ. ಎಡಗಾಜಿನ ಮೇಲೆ ಅಡ್ಡಕ್ಕೊಂದು ಗೀರು. ಅವಳು ಕೈ ಚಾಚಿದಳು. ಅವನು ತೆಗೆದು ಕೊಟ್ಟ. ಬರಿಗಣ್ಣಲ್ಲಿ ಅವಳಿದ್ದ ಕಡೆಗೇ ನೋಡುತ್ತಾ ನಿಂತ. ಏನೂ ಸರಿಯಾಗಿ ಕಾಣದಿದ್ದರೂ ಕಣ್ಣು ತೆಗೆಯಲಿಲ್ಲ. ಅವಳು ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು, ಮಧ್ಯದಿಂದ ಅಂಚಿನ ಕಡೆಗೆ, ನಿಧಾನವಾಗಿ ಒರೆಸಿದಳು.

"ಇದು ಒರೆಸಿದರೆ ಹೋಗೋ ಗೀರಲ್ಲ," ಅಂದಳು. "ಗಾಜು ಬದಲಿಸಬೇಕು."

"ಎಷ್ಟು ದಿನ ಹಿಡಿಯುತ್ತೆ?"

"ಆರು ವಾರ. ದಿನಾ ಬಂದು ವಿಚಾರಿಸಬೇಕು."

"ಮೊನ್ನೆ ಎದುರುಮನೆಯವರದ್ದು ಅರ್ಧ ಗಂಟೇಲಿ ಮಾಡಿಕೊಟ್ಯಲ್ಲೇ," ಅಂದರು ಅತ್ತೆ ಒಳಗಿನಿಂದ, ಮೂರು ತಟ್ಟೆ ಇಡುತ್ತಾ.