ಅತ್ತೆ ಸುಮ್ಮನಿದ್ದ ಒಂಬತ್ತು ದಿನ

ಹದಿಮೂರನೇ ತಾರೀಕು, ಗುರುವಾರ, ಬೆಳಿಗ್ಗೆ ಒಂಬತ್ತೂಕಾಲಕ್ಕೆ ಠಾಣೆಯ ಮೆಟ್ಟಿಲೇರಿ ಬಂದ ಹೆಂಗಸಿನ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಬಟ್ಟೆ ಹೊಲಿಯುವವಳು. ಹಿಂದಿನ ಮಧ್ಯಾಹ್ನ ಕೆಲಸದ ನಡುವೆ ಎದ್ದು ಆಸ್ಪತ್ರೆಗೆ ಓಡಿದವಳಿಗೆ ಅದನ್ನು ತೆಗೆದಿಡುವ ಪರಿವೆಯೇ ಇರಲಿಲ್ಲ. ಅವಳ ತಾಯಿ ಮೂರು ಇಪ್ಪತ್ತಕ್ಕೆ ತೀರಿಕೊಂಡಿದ್ದರು. ಶವ ಇನ್ನೂ ಆಸ್ಪತ್ರೆಯಲ್ಲೇ ಇತ್ತು.

"ಕಾಲಿನ ಗಾಯ ಮೇಡಂ, ಅಷ್ಟೇ. ನಡ್ಕೊಂಡು ಒಳಗೆ ಹೋಗಿದ್ರು ನಮ್ಮಮ್ಮ."

"ಏನು ಕೊಟ್ರು?" ಇನ್‌ಸ್ಪೆಕ್ಟರ್ ಕೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಹೆಂಗಸು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ.

"ಇಂಜೆಕ್ಷನ್. ಪೆನಿಸಿಲಿನ್ ಗುಂಪಿಂದು. ಅಮ್ಮಂಗೆ ಅದು ಆಗಿಬರಲ್ಲ. ನಾನು ಚಿಕ್ಕವಳಿದ್ದಾಗ ಒಂದ್ಸಲ ಕೊಟ್ಟು ಮೈಯೆಲ್ಲ ಊದಿ, ಜೀವ ಹೋಗಿ ಬಂದಿತ್ತು."

"ಆಸ್ಪತ್ರೆಯಲ್ಲಿ ಹೇಳಿದ್ರಾ?"

"ಅಯ್ಯೋ, ಹೇಳದೆ ಇರ್ತೀನಾ? ಸೇರಿಸ್ಕೊಳ್ಳುವಾಗ ಕೌಂಟರ್ ಸಿಸ್ಟರ್ ಕೇಳಿದ್ರು, ಹೇಳ್ದೆ. ಅವರು ಟೈಪ್ ಮಾಡಿದ್ದು ಕಣ್ಣಾರೆ ನೋಡಿದೀನಿ. ಈಗ 'ನೀವು ಹೇಳೇ ಇಲ್ಲ' ಅಂತಾರೆ. ಹೆತ್ತ ತಾಯೀನ ನಾನೇ ಕೊಂದೆ ಅನ್ನೋ ಹಾಗೆ ಮಾತಾಡ್ತಾರೆ ಮೇಡಂ."

"ಸೇರಿಸಿದ್ದು ಎಷ್ಟು ಗಂಟೆಗೆ?" ಎಂದ ಹೆಡ್ ಕಾನ್‌ಸ್ಟೇಬಲ್. ಹೊತ್ತು ಕೇಳದೆ ಪೆನ್ನು ಎತ್ತದ ಈತನನ್ನು ಇಡೀ ಠಾಣೆ ಗಡಿಯಾರ ಎಂದೇ ಕರೆಯುತ್ತಿತ್ತು.

ಹನ್ನೊಂದನೇ ತಾರೀಕು ಬೆಳಿಗ್ಗೆ ಹತ್ತು ಇಪ್ಪತ್ತರ ಸುಮಾರಿಗೆ. ಗಡಿಯಾರ ಬರೆದುಕೊಂಡ. ನಿರ್ಲಕ್ಷ್ಯದಿಂದಾದ ಸಾವು ಎಂದು ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಯಿತು.

ಅದೇ ದಿನ ಆಸ್ಪತ್ರೆಗೆ ಹೋದರೆ, ಆಡಳಿತಾಧಿಕಾರಿ ಪೊಲೀಸರ ದಾರಿಯನ್ನೇ ಕಾಯುತ್ತಿದ್ದಂತಿತ್ತು. ಕೂತ ಎರಡೇ ನಿಮಿಷಕ್ಕೆ ನೀಲಿ ಫೈಲೊಂದನ್ನು ಮುಂದೆ ಸರಿಸಿದರು. ರೋಗಿಯ ದಾಖಲೆಯ ಪ್ರತಿ. 'ಅಲರ್ಜಿ: ಇಲ್ಲ.' ಕೆಳಗೆ ಆಂತರಿಕ ವಿಚಾರಣೆಯ ವರದಿ: ಕೌಂಟರಿನ ನರ್ಸ್ ಮಾಹಿತಿಯನ್ನು ನಮೂದಿಸಿಲ್ಲ, ಆಕೆಯನ್ನು ಅಮಾನತು ಮಾಡಲಾಗಿದೆ. ಇಷ್ಟು ಚುರುಕಾದ ವಿಚಾರಣೆಯನ್ನು ಇನ್‌ಸ್ಪೆಕ್ಟರ್ ಹದಿನೆಂಟು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅಳತೆ ತೆಗೆಯುವ ಮೊದಲೇ ಅಂಗಿ ಹೊಲಿದಿಟ್ಟಿದ್ದರು.

ಇಂಜೆಕ್ಷನ್ ಬರೆದ ವೈದ್ಯರ ಹೇಳಿಕೆಯೂ ಅಲ್ಲೇ ಆಯಿತು.

"ಬರೆಯೋ ಮುಂಚೆ ಅಲರ್ಜಿ ನೋಡಿದ್ರಾ ಡಾಕ್ಟ್ರೇ?"

"ಇದ್ದಿದ್ರೆ ಕಂಪ್ಯೂಟರ್ರೇ ಎಚ್ಚರಿಸ್ತಿತ್ತು. ಎಚ್ಚರಿಸಲಿಲ್ಲ, ಬರೆದೆ."

"ನೀವು ನೋಡಿದ್ರಾ ಅಂತ ಕೇಳ್ದೆ."

ವೈದ್ಯರು ತಲೆ ತಗ್ಗಿಸಿದರು. "ಇಲ್ಲ."

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕೌಂಟರಿನ ನರ್ಸಿನ ಮನೆ. ಆಸ್ಪತ್ರೆಯಲ್ಲಿ ಅವಳ ಅಡ್ಡಹೆಸರು 'ಎರಡ್ಸಲ'. ಯಾವುದನ್ನೇ ಆಗಲಿ ಬರೆದ ಮೇಲೆ ಇನ್ನೊಮ್ಮೆ ಓದಿ ರೋಗಿಯ ಬಾಯಿಂದ ಹೌದು ಅನ್ನಿಸಿಕೊಳ್ಳದೆ ಮುಂದಕ್ಕೆ ಬಿಡುತ್ತಿರಲಿಲ್ಲವಂತೆ. ಅವಳಿಂದಾಗಿ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆಂದು ಬೈಯುವವರೂ ತಮ್ಮ ಮನೆಯವರನ್ನು ಸೇರಿಸುವಾಗ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು.

ಬಾಗಿಲು ತೆರೆದದ್ದು ಅವಳ ಅಣ್ಣ. "ಸ್ವಲ್ಪ ನಿಧಾನವಾಗಿ ಮಾತಾಡ್ಸಿ ಮೇಡಂ. ಚಿಲಕ ಹಾಕಿದೀನೋ ಇಲ್ವೋ, ಒಲೆ ಆರ್ಸಿದೀನೋ ಇಲ್ವೋ ಅಂತ ಹತ್ತು ಸಲ ಎದ್ದು ಹೋಗಿ ನೋಡ್ತಾಳೆ. ಎರಡು ದಿನದಿಂದ ಇದೇ ಆಗಿದೆ."

ಅವಳು ಗೋಡೆಗೊರಗಿ ಕೂತಿದ್ದಳು.

"ಅಲರ್ಜಿ ಬಗ್ಗೆ ಮಗಳು ಹೇಳಿದ್ರಾ?"

"ಹೇಳಿದ್ರು ಅಂತ ಅನ್ಸತ್ತೆ."

"ಬರೆದ್ರಾ?"

"ಬರೆದೆ ಅಂತಲೇ ಅಂದ್ಕೊಂಡಿದ್ದೆ ಮೇಡಂ. ಆದ್ರೆ ಅದರಲ್ಲಿ ಇಲ್ಲ ಅಂತ ಇದೆಯಲ್ಲ. ಅಂದ್ರೆ ನಾನು ಬರೆದಿಲ್ಲ."

"ನಿಮ್ಮ ನೆನಪು ಏನು ಹೇಳತ್ತೆ?"

"ನೆನಪಿಗೆ ಸಾಕ್ಷಿ ಇಲ್ವಲ್ಲ. ಕಂಪ್ಯೂಟರ್‌ಗಿದೆ." ಅಂಗೈ ನೋಡಿಕೊಂಡು ಅವಳೇ ಹೇಳಿದಳು, "ಈ ಕೈಯಲ್ಲಿ ಇನ್ನೂ ಎಷ್ಟು ಜನರದ್ದು ಹೀಗೆ ಬಿಟ್ಟಿದೀನೋ ಏನೋ. ಅದೊಂದೇ ಯೋಚನೆ."

ಜೈಲಿಗಿಂತ ದೊಡ್ಡದೊಂದು ಭಯ ಅವಳನ್ನು ಹಿಡಿದಿದೆ ಎಂದು ಇನ್‌ಸ್ಪೆಕ್ಟರಿಗೆ ಕಂಡಿತು. ಸಾವಿನ ನಂತರ ಎಲ್ಲಿದ್ದಿರಿ ಎಂದು ಗಡಿಯಾರ ಕೇಳಿದ. ನಾಲ್ಕಕ್ಕೆ ಆಸ್ಪತ್ರೆಯ ಸೂಪರಿಂಟೆಂಡೆಂಟರು ತಮ್ಮ ಕೋಣೆಗೆ ಕರೆಸಿ ವಿವರಣೆ ಬರೆದುಕೊಡು ಎಂದಿದ್ದರು. ಐದರವರೆಗೂ ಅವರೆದುರೇ ಕೂತು ಕೈಯಲ್ಲಿ ಬರೆದೆ ಎಂದಳು. ಅದೂ ಬರಹಕ್ಕೆ ಬಂತು.

ಅದೇ ದಿನ ಮಧ್ಯಾಹ್ನ ಮೂರಕ್ಕೆ ವಾರ್ಡು. ಇಂಜೆಕ್ಷನ್ ಕೊಟ್ಟ ನರ್ಸ್ ತಾನು ಮಾಡುವ ಕೆಲಸವನ್ನು ಒಂದೊಂದಾಗಿ ತೋರಿಸುತ್ತ ಹೋದಳು. ರೋಗಿಯ ಕೈಪಟ್ಟಿಯ ಗೆರೆಗಳನ್ನು ಯಂತ್ರಕ್ಕೆ ತೋರಿಸುವುದು, ಔಷಧಿಯ ಡಬ್ಬಿಯನ್ನು ತೋರಿಸುವುದು. ಪರದೆಯ ಮೇಲೆ ಕಿತ್ತಳೆ ಬಣ್ಣದ ಚೌಕವೊಂದು ಧುತ್ತೆಂದು ಬಂತು. ಅವಳು ನೋಡದೆಯೇ ಒತ್ತಿ ಅದನ್ನು ಮುಚ್ಚಿದಳು.

"ಏನದು?"

"ಅತ್ತೆ ಮೇಡಂ." ಪಕ್ಕದಲ್ಲಿದ್ದವಳು ಕಿಸಕ್ಕೆಂದಳು. ಇವಳು ನಾಲಗೆ ಕಚ್ಚಿಕೊಂಡಳು. "ಅಂದ್ರೆ, ಎಚ್ಚರಿಕೆ. ನಾವೆಲ್ಲ ಅತ್ತೆ ಅಂತೀವಿ. ಕೂತ್ರೂ ಒಂದು, ನಿಂತ್ರೂ ಒಂದು. ಈ ಮಾತ್ರೆ ಜೊತೆ ಹಾಲು ಬೇಡ ಅನ್ನತ್ತೆ, ಆ ಮಾತ್ರೆ ವಯಸ್ಸಾದವರಿಗೆ ನೋಡ್ಕೊಂಡು ಕೊಡಿ ಅನ್ನತ್ತೆ. ನಮ್ಮ ವಾರ್ಡ್ ಒಂದಕ್ಕೇ ದಿನಕ್ಕೆ ಮುನ್ನೂರು ಸಲ ಬರತ್ತೆ. ಎಲ್ಲ ಓದ್ತಾ ಕೂತ್ರೆ ಬೆಳಗಿನ ಔಷಧಿ ಸಂಜೆಗೆ ಕೊಡ್ಬೇಕಾಗತ್ತೆ."

"ಬುಧವಾರ ಈ ಅತ್ತೆ ಬಂದಿದ್ಲಾ?"

"ಇಲ್ಲ ಮೇಡಂ, ಆಣೆಗೂ ಇಲ್ಲ. ಹೋದ ವಾರದಿಂದಲೇ ಸುಮಾರಾಗಿ ಕಡಿಮೆ ಆಗಿದ್ಲು. ಅತ್ತೆ ಮಗಳ ಮನೆಗೆ ಹೋಗಿದ್ದಾಳೆ ಅಂತ ತಮಾಷೆ ಮಾಡ್ಕೊಂಡಿದ್ವಿ. ಬುಧವಾರ ಸಂಜೆಯಿಂದ ಮತ್ತೆ ಶುರು."

ಗಡಿಯಾರನ ಪೆನ್ನು ನಿಂತಿತು. "ಬುಧವಾರ ಸಂಜೆ ಎಷ್ಟು ಗಂಟೆ?"

"ನಾಲ್ಕೂವರೆ ಔಷಧಿ ಕೊಡುವಾಗ ಇತ್ತು ಸಾರ್."

ಸಾವು ಮೂರು ಇಪ್ಪತ್ತಕ್ಕೆ. ನಾಲ್ಕೂವರೆಯೊಳಗೆ ಅತ್ತೆ ವಾಪಸ್. ಇನ್‌ಸ್ಪೆಕ್ಟರ್ ಕೇಳಿದರು, "ಇದನ್ನ ಯಾರು ಹೇಳಿದ್ರೆ ಬಾಯಿ ಮುಚ್ಚತ್ತೆ?"

"ಕಂಪ್ಯೂಟರ್ ಸಿಸ್ಟರ್."

ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೂರುವ ಕಂಪ್ಯೂಟರ್ ಸಿಸ್ಟರ್ ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ದುಡಿದು, ಈಗ ಇಡೀ ಆಸ್ಪತ್ರೆಯ ನರ್ಸಿಂಗ್ ದಾಖಲೆಗಳನ್ನು ನೋಡಿಕೊಳ್ಳುವವರು. ಅಚ್ಚುಕಟ್ಟಾದ ಮೇಜು, ಅಚ್ಚುಕಟ್ಟಾದ ಮಾತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಎಚ್ಚರಿಕೆಗಳು ಕಡಿಮೆಯಾದದ್ದು ಅವರ ಗಮನಕ್ಕೆ ಬಂದಿಲ್ಲ. ದಾಖಲೆಯನ್ನು ಯಾರು ಯಾವಾಗ ತಿದ್ದಿದರು ಎಂಬ ಪಟ್ಟಿ ತಂತ್ರಾಂಶದ ಕಂಪನಿಯವರ ಬಳಿ ಇರುತ್ತದೆ, ತಿಂಗಳು ಹಿಡಿಯಬಹುದು.

"ಅಲ್ಲೀವರೆಗೆ ನೋಡೋಕೆ ಕಾಗದ ಏನಾದ್ರೂ ಇದೆಯಾ ಸಿಸ್ಟರ್?"

"ಈ ಆಸ್ಪತ್ರೆಯಲ್ಲಿ ಒಂದು ಚೂರು ಕಾಗದ ಇಲ್ಲ ಮೇಡಂ. ಹಟ ಹಿಡಿದು ತೆಗೆಸಿದೋಳು ನಾನೇ." ದನಿಯಲ್ಲಿ ಹೆಮ್ಮೆಯಿತ್ತು, ಸುಳ್ಳಿರಲಿಲ್ಲ.

ಕಂಪನಿಗೆ ಮೂರು ದಿನದ ಗಡುವಿನ ನೋಟಿಸು ಹೋಯಿತು. ಹೊರಡುವ ಮೊದಲು ಒಂದು ಲೋಟ ಚಹಾ ಕುಡಿಯೋಣವೆಂದು ಗಡಿಯಾರ ಆಸ್ಪತ್ರೆಯ ಅಡುಗೆಮನೆಗೆ ಇಳಿದ. ಐದೇ ನಿಮಿಷದಲ್ಲಿ ಮೇಲಕ್ಕೆ ಓಡಿ ಬಂದ. ಅವನ ಗಾತ್ರಕ್ಕೆ ಅದು ಓಟವೇ.

"ಮೇಡಂ, ಕೆಳಗೆ ಬನ್ನಿ. ಕಾಗದ ಇದೆ."

ಒಲೆಯ ಪಕ್ಕದ ಗೋಡೆಯಲ್ಲಿ ಒಂದು ತಂತಿ. ಅದರ ತುಂಬ ಚುಚ್ಚಿದ ಚೀಟಿಗಳು. ಯಾವ ಹಾಸಿಗೆಗೆ ಯಾವ ಊಟ ಎಂದು ದಿನಾ ಬೆಳಿಗ್ಗೆ ಆರೂವರೆಗೆ ಕಂಪ್ಯೂಟರೇ ರೋಗಿಯ ದಾಖಲೆ ನೋಡಿ ಅಚ್ಚು ಹಾಕುವ ಚೀಟಿಗಳು.

"ಎಸೆಯೋಲ್ವಾ ಇದನ್ನ?" ಇನ್‌ಸ್ಪೆಕ್ಟರ್ ಕೇಳಿದರು.

"ಊಟ ಬರ್ಲಿಲ್ಲ, ಉಪ್ಪು ಹಾಕ್ಬಿಟ್ರಿ ಅಂತ ಮೇಲಿನವರು ಜಗಳಕ್ಕೆ ಬರ್ತಾರಲ್ಲಮ್ಮ," ಅಡುಗೆಯವನು ಸೌಟು ಅಲ್ಲಾಡಿಸಿದ. "ಆಗ ತೆಗೆದು ಮೂತಿ ಮುಂದೆ ಹಿಡೀಬೇಕು. ತಿಂಗಳ ಕೊನೇಲಿ ಒಲೆಗೆ ಹಾಕ್ತೀನಿ."

ಹನ್ನೆರಡನೇ ತಾರೀಕಿನ ಚೀಟಿ, ಹಾಸಿಗೆ ಹದಿನಾಲ್ಕು. 'ಮೆತ್ತನೆಯ ಊಟ. ಅಲರ್ಜಿ: ಪೆನಿಸಿಲಿನ್.'

ಸಂಜೆ ಐದು ಐದಕ್ಕೆ ಅಡುಗೆಯವನ ಮತ್ತು ಲಿಫ್ಟಿನವನ ಸಮಕ್ಷಮದಲ್ಲಿ ಪಂಚನಾಮೆ ಮಾಡಿ ತಂತಿಯ ಸಮೇತ ಚೀಟಿಗಳನ್ನು ವಶಪಡಿಸಿಕೊಳ್ಳಲಾಯಿತು. ಬುಧವಾರ ಬೆಳಿಗ್ಗೆ ಇದ್ದ ಅಲರ್ಜಿ ಗುರುವಾರದ ಹೊತ್ತಿಗೆ ಇಲ್ಲವಾಗಿತ್ತು. ಎರಡ್ಸಲ ಬರೆದಿದ್ದಳು, ಯಾರೋ ಅಳಿಸಿದ್ದರು.

ಸೋಮವಾರ ಮರಣೋತ್ತರ ವರದಿ ಬಂತು: ಔಷಧಿಯ ಅಲರ್ಜಿಯಿಂದ ಸಾವು. ಮಧ್ಯಾಹ್ನ ಎರಡಕ್ಕೆ ಕಂಪನಿಯ ಪಟ್ಟಿಯೂ ಬಂತು. ಇನ್‌ಸ್ಪೆಕ್ಟರ್ ಓದುತ್ತ ಹೋದರು, ಗಡಿಯಾರ ತನ್ನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುತ್ತ ಹೋದ. ಮೂರನೇ ತಾರೀಕು ಸಂಜೆ ಐದೂವರೆ: ರೋಗಿಗೆ ಆಗದ ಔಷಧಿಯ ಗುಂಪಿಗೇ ಸೇರಿದ ಬೇರೆ ಔಷಧಿ ಕೊಡುವಾಗ ಬರುವ ಎಚ್ಚರಿಕೆ ನಿಲ್ಲಿಸಿದ್ದು, ಕಂಪ್ಯೂಟರ್ ಸಿಸ್ಟರ್. ಹನ್ನೊಂದು, ಬೆಳಿಗ್ಗೆ ಹತ್ತು ಇಪ್ಪತ್ನಾಲ್ಕು: ಪೆನಿಸಿಲಿನ್ ಅಲರ್ಜಿ ನಮೂದಿಸಿದ್ದು, ಕೌಂಟರಿನ ನರ್ಸ್. ಹನ್ನೆರಡು, ಸಂಜೆ ನಾಲ್ಕು ಆರು: ಕೌಂಟರಿನ ನರ್ಸಿನ ಪಾಸ್‌ವರ್ಡ್ ಬದಲಾಯಿಸಿದ್ದು, ಕಂಪ್ಯೂಟರ್ ಸಿಸ್ಟರ್. ನಾಲ್ಕು ಹತ್ತು: ಅಲರ್ಜಿ 'ಇಲ್ಲ' ಎಂದು ತಿದ್ದಿದ್ದು, ಕೌಂಟರಿನ ನರ್ಸ್. ನಾಲ್ಕು ಹದಿನಾಲ್ಕು: ಎಚ್ಚರಿಕೆ ಮತ್ತೆ ಚಾಲೂ.

"ನಾಲ್ಕು ಹತ್ತಕ್ಕೆ ಆ ಹುಡುಗಿ ಸೂಪರಿಂಟೆಂಡೆಂಟರ ಎದುರು ಕೂತು ಕೈಯಲ್ಲಿ ಬರೀತಿದ್ಲು ಮೇಡಂ," ಎಂದ ಗಡಿಯಾರ. "ಅವರನ್ನೇ ವಿಚಾರಿಸಿದೀನಿ. ಐದರ ತನಕ ಅವಳು ಕುರ್ಚಿ ಬಿಟ್ಟು ಎದ್ದಿಲ್ಲ. ಅವಳ ಹೆಸರಲ್ಲಿ ಒಳಗೆ ಹೋಗಿ ತಿದ್ದಿದ್ದು ಪಾಸ್‌ವರ್ಡ್ ಬದಲಾಯಿಸಿದೋರೇ."

ಹದಿನೆಂಟು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಹತ್ತು. ಕಂಪ್ಯೂಟರ್ ಸಿಸ್ಟರ್ ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದರು. ಬಾಗಿಲಲ್ಲಿ ಪೊಲೀಸರನ್ನು ಕಂಡ ಮೇಲೂ ಹಿಡಿದಿದ್ದ ವಾಕ್ಯವನ್ನು ಮುಗಿಸಿ, "ಇವತ್ತಿಗೆ ಇಷ್ಟು ಸಾಕು," ಎಂದರು. ಬಂಧನದ ಕಾರಣ ಓದಿ ಹೇಳಿದಾಗ ಅಲ್ಲಗಳೆಯಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಸಲು ಎರಡು ಗಂಟೆ ಹಿಡಿಯಿತು.

"ಎಚ್ಚರಿಕೆ ಯಾಕೆ ನಿಲ್ಲಿಸಿದ್ರಿ?"

"ಹುಡುಗೀರು ಯಾವುದನ್ನೂ ಓದ್ತಾ ಇರ್ಲಿಲ್ಲ ಮೇಡಂ. ಒಂದಿಷ್ಟು ಕಡಿಮೆ ಮಾಡಿದ್ರೆ ಮಿಕ್ಕಿದ್ದನ್ನಾದ್ರೂ ಓದ್ತಾರೆ ಅಂತ. ಸಮಿತಿ ಸೇರೋದು ಮೂರು ತಿಂಗಳಿಗೊಂದ್ಸಲ. ಅಷ್ಟು ದಿನ ಯಾರು ಕಾಯ್ತಾರೆ ಅಂತ ನಾನೇ ಮಾಡ್ದೆ."

"ಅದನ್ನ ಹೇಳಿಬಿಡಬಹುದಿತ್ತಲ್ಲ? ಒಳ್ಳೇ ಉದ್ದೇಶಕ್ಕೆ ಮಾಡಿದ್ದು."

ಅವರು ಹಳೆಯದೊಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ, ವೈದ್ಯರೊಬ್ಬರ ಕೈಬರಹದಲ್ಲಿ ದಶಮಾಂಶದ ಚುಕ್ಕಿ ಕಾಣದೆ ಔಷಧಿಯನ್ನು ಒಂದರ ಬದಲು ಹತ್ತು ಪಾಲು ಕೊಟ್ಟಿದ್ದರಂತೆ. ರೋಗಿ ಉಳಿಯಲಿಲ್ಲ. ಬರಹ ಹಾಗಿತ್ತು ಎಂದು ಎಲ್ಲರೂ ಸಮಾಧಾನ ಹೇಳಿದರು, ಶಿಕ್ಷೆ ಯಾರಿಗೂ ಆಗಲಿಲ್ಲ. ಆ ಸಮಾಧಾನವೇ ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇನ್ನೊಬ್ಬ ಹುಡುಗಿಗೆ ಹೀಗಾಗಬಾರದೆಂದು ಮೇಲಿನವರ ಕೈಕಾಲು ಹಿಡಿದು ಕಂಪ್ಯೂಟರ್ ತರಿಸಿದ್ದರು.

"ಇದರಿಂದಲೇ ಒಬ್ಬರು ಸತ್ರು ಅಂತ ಗೊತ್ತಾದ್ರೆ ಮತ್ತೆ ಆ ಹಾಳು ಕಾಗದಕ್ಕೇ ಹೋಗ್ತಿದ್ರು," ಎಂದರು.

"ಕಂಪ್ಯೂಟರ್ ಉಳಿಸೋಕೆ ಮಾಡಿದ್ರಾ, ನಿಮ್ಮನ್ನ ಉಳಿಸ್ಕೊಳ್ಳೋಕಾ?"

"ಆ ಹತ್ತು ನಿಮಿಷ ನನಗೆ ಎರಡೂ ಒಂದೇ ಅನ್ನಿಸ್ತು."

"ಆ ಹುಡುಗಿ ಗತಿ?"

"ನನ್ನ ಕೈಯಲ್ಲೇ ಕಲಿತೋಳು. ಅಂಥ ಜೋಪಾನದವಳು ಇನ್ನೊಬ್ಬಳಿಲ್ಲ." ಕಂಪ್ಯೂಟರ್ ಸಿಸ್ಟರ್ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಬೇರೆ ಯಾರಾದ್ರೂ ಬರೆಯೋಕೆ ಮರೀತಿದ್ರೇನೋ. ಆಗ ಅಳಿಸೋಕೆ ನನಗೆ ಏನೂ ಇರ್ತಿರ್ಲಿಲ್ಲ. ಅವಳು ಸರಿಯಾಗಿ ಬರೆದಿದ್ಲು."

ಇನ್‌ಸ್ಪೆಕ್ಟರಿಗೆ ಕೋಪ ಬರಬೇಕಿತ್ತು. ಬಂದದ್ದು ಸಂಕಟ.

"ಅವಳಿಗೆ ಹೇಳಿದ್ರಾ?" ಕಂಪ್ಯೂಟರ್ ಸಿಸ್ಟರ್ ಕೇಳಿದರು.

"ಹನ್ನೆರಡೂವರೆಗೆ ಹೋಗಿ ಹೇಳಿ ಬಂದೆ," ಎಂದ ಗಡಿಯಾರ.

"ನನ್ನ ಬಯ್ದಳಾ?"

"ನಿಮ್ಮ ಹೆಸರೇ ಎತ್ತಲಿಲ್ಲಮ್ಮ. 'ಹಾಗಾದ್ರೆ ನನ್ನ ತಲೆ ಕೆಟ್ಟಿರ್ಲಿಲ್ಲ, ಅಲ್ವಾ ಸಾರ್' ಅಂದ್ಲು. ಅಷ್ಟು ಹೇಳಿ ಹೊಸಿಲ ಮೇಲೇ ಕೂತು ಅತ್ತುಬಿಟ್ಲು."

ಬಂಧಿಸಿದಾಗಲೂ ಅಲುಗದ ಹೆಂಗಸು ಈಗ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕತೊಡಗಿದರು. ಹೇಳಿಕೆಗೆ ಸಹಿ ಮಾಡಲೆಂದು ಕೊಟ್ಟ ಪೆನ್ನು ಮೇಜಿನ ಮೇಲೇ ಉಳಿಯಿತು. ಇನ್‌ಸ್ಪೆಕ್ಟರ್ ಅವಸರಪಡಿಸಲಿಲ್ಲ, ನೀರಿನ ಲೋಟ ಹತ್ತಿರ ಸರಿಸಿ, ಎದುರಿಗೇ ಕಾದು ಕೂತರು.