ಹೆಬ್ಬಾತುಗಳ ನಡುವೆ ಅಕ್ಕ

ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಮಂಜಾವತಿ ಎಂಬ ರಾಜ್ಯದಲ್ಲಿ, ಕೆರೆಯಂಚಿಗೆ ಒಂದು ಹಳ್ಳಿ. ಚಳಿ ಬಿತ್ತೆಂದರೆ ಹಿಮದ ನಾಡಿನಿಂದ ಹಕ್ಕಿಗಳು ದಂಡಿಯಾಗಿ ಬಂದಿಳಿಯುತ್ತಿದ್ದವು. ಆಗ ಬೆಳಗ್ಗೆ ಎದ್ದು, ಕಂಬಳಿ ಹೊದ್ದು, ಹಕ್ಕಿ ನೋಡುತ್ತ ಊರು ಸುತ್ತಿ ಬರುವುದು ಅಲ್ಲಿನವರ ವಾಡಿಕೆ.

ಆ ವರ್ಷ ಚಂಪವ್ವ ಮಾತ್ರ ಅಳುತ್ತ ಸುತ್ತಿದಳು. ಅವಳನ್ನು ತಾಯಿಯಂತೆ ಸಾಕಿದ ಅಕ್ಕ ಹೊನ್ನವ್ವ, ಬೂದಿಗಣ್ಣನೆಂಬ ಮಾಂತ್ರಿಕನನ್ನು ಮದುವೆಯಾಗಲು ಒಲ್ಲೆ ಎಂದಿದ್ದಳು. ಅಷ್ಟಕ್ಕೇ ಆ ಪಾಪಿ ಅವಳನ್ನು ಹಕ್ಕಿ ಮಾಡಿ ಹಿಂಡಿನಲ್ಲಿ ಬಿಟ್ಟಿದ್ದ.

"ಮೂರು ಬೆಳಗು ಊರು ಸುತ್ತು. ದಿನಕ್ಕೊಂದು ಹಕ್ಕಿಗೆ ಬೆರಳು ತೋರಿಸು. ಅದು ನಿನ್ನ ಅಕ್ಕನಾದರೆ ಕರೆದುಕೊಂಡು ಹೋಗು," ಎಂದ ಬೂದಿಗಣ್ಣ. "ಮೂರನೆಯ ದಿನ ಹಿಂಡು ಹಾರಿಹೋಗುತ್ತದೆ. ಆಮೇಲೆ ಅವಳು ಹಕ್ಕಿಯೇ."

ಮೊದಲ ಬೆಳಗು. ಅಕ್ಕ ಚೆಲುವೆಯಲ್ಲವೇ ಎಂದು ಚಂಪವ್ವ ಗುಲಾಬಿ ರೆಕ್ಕೆಯ ರಾಜಹಂಸಕ್ಕೆ ಬಲಗೈ ಬೆರಳು ತೋರಿಸಿದಳು. ಅದು ಅಕ್ಕನಲ್ಲ. ಹೀಚುಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಅಂತಾರಲ್ಲ, ಹಕ್ಕಿಗೆ ತೋರಿಸಿದವಳ ಗತಿ ಇನ್ನೇನಾದೀತು? ಬಲಗೈ ರೆಕ್ಕೆಯಾಯಿತು.

ಎರಡನೆಯ ಬೆಳಗು. ಅಕ್ಕನಿಗೆ ಹಾಡೆಂದರೆ ಪ್ರಾಣವಲ್ಲವೇ ಎಂದು, ಬೇಲಿಯ ಮೇಲೆ ಹಾಡುತ್ತಿದ್ದ ನೀಲಿಗೊರಳಿನ ಪುಟ್ಟ ಹಕ್ಕಿಗೆ ಎಡಗೈ ಬೆರಳು ತೋರಿಸಿದಳು. ಎಡಗೈಯೂ ರೆಕ್ಕೆಯಾಯಿತು.

"ನಾಳೆ ಏನು, ಮೂಗು ತೋರಿಸುತ್ತೀಯಾ?" ಎಂದು ಬೂದಿಗಣ್ಣ ನಕ್ಕ.

ಮೂರನೆಯ ಬೆಳಗು. ಮಂಜು ಕೆರೆಯ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ರೆಕ್ಕೆಯಲ್ಲಿ ಜಡೆ ಹೆಣೆಯಲಾದೀತೇ? ಚಂಪವ್ವನ ಕೂದಲು ಕೆದರಿ ಕಣ್ಣಿಗೆ ಬಿದ್ದು, ಒಂದು ಹಕ್ಕಿಯೂ ನೆಟ್ಟಗೆ ಕಾಣಲಿಲ್ಲ. ಕೆರೆ ಏರಿಯ ಮೇಲೆ ಕುಸಿದು ಕೂತಳು.

"ನನ್ನ ಕೈಲಿ ಆಗಲಿಲ್ಲ ಕಣಕ್ಕಾ," ಎಂದು ಅತ್ತಳು.

ಹಿಂಡು ರೆಕ್ಕೆ ಬಿಚ್ಚಿ ಮೇಲೆದ್ದಿತು. ಯಾರೂ ತಿರುಗಿ ನೋಡದಂಥ ಬೂದುಬಣ್ಣದ ಒಂದು ಹೆಬ್ಬಾತು ಮಾತ್ರ ಹಾರಲಿಲ್ಲ. ಅದು ದಡದಡ ನಡೆದು ಬಂದು ಚಂಪವ್ವನ ಬೆನ್ನ ಹಿಂದೆ ನಿಂತಿತು. ಕೊಕ್ಕಿನಿಂದ ಒಂದೊಂದೇ ಸಿಕ್ಕು ಬಿಡಿಸಿ, ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿತು.

ತಂಗಿ ಅಕ್ಕನನ್ನು ಗುರುತಿಸಲಾರದೆ ಹೋದರೂ ಅಕ್ಕ ತಂಗಿಯನ್ನು ಗುರುತಿಸಿದ್ದಳು. ಮಾಂತ್ರಿಕ ಆ ದಾರಿಗೆ ಬೇಲಿ ಹಾಕಿರಲಿಲ್ಲ. ಜಡೆ ಮುಗಿಯುವಷ್ಟರಲ್ಲಿ ಕೊಕ್ಕಿದ್ದ ಕಡೆ ಬೆರಳುಗಳಿದ್ದವು. ಚಂಪವ್ವನ ರೆಕ್ಕೆಗಳು ಮತ್ತೆ ಕೈಗಳಾದವು. ಬೂದಿಗಣ್ಣ ಒಂದು ಹಿಡಿ ಬೂದಿಯಾಗಿ ಗಾಳಿಗೆ ತೂರಿಹೋದ.

"ಮೂರು ದಿನದಿಂದ ನೋಡ್ತಾ ಇದ್ದೀನಿ. ಹೀಗೇನೇ ತಲೆ ಕೆದರಿಕೊಂಡು ಊರೆಲ್ಲ ಸುತ್ತೋದು?" ಎಂದು ಹೊನ್ನವ್ವ ಬೈದಳು. ಚಂಪವ್ವ ಬೈಸಿಕೊಳ್ಳುತ್ತಲೇ ಅಕ್ಕನ ಮಡಿಲಿಗೆ ಬಿದ್ದಳು.

ಇಬ್ಬರೂ ಹಣ್ಣು ಹಣ್ಣು ಮುದುಕಿಯರಾಗುವ ತನಕ ಸುಖವಾಗಿ ಬಾಳಿದರು. ಆ ಊರಿನ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹಕ್ಕಿ ನೋಡಲು ಹೋಗುವಾಗ ಇಂದಿಗೂ ತಲೆ ಬಾಚಿಕೊಳ್ಳುವುದಿಲ್ಲವಂತೆ.